ಹಾಲಿನ ಲೆಕ್ಕದ ಹಿಂದಿನ ಪುಟ

ಅಕ್ಕನ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಉದ್ದನೆಯ ಪುಸ್ತಕವೊಂದಿದೆ. ಮುಂದಿನಿಂದ ತೆರೆದರೆ ಹಾಲು, ಮೊಸರು, ಖುಬ್ಬೂಸ್, ಕೆಳಗಿನ ಕೋಲ್ಡ್ ಸ್ಟೋರಿಗೆ ಕೊಡಬೇಕಾದ ಬಾಕಿ. ಹಿಂದಿನಿಂದ ತೆರೆದರೆ ಬರೀ ಗೀಟುಗಳು. ಒಂದೊಂದು ದಿನಕ್ಕೆ ಒಂದೊಂದು ಸಾಲು, ಸಾಲಿನ ಕೊನೆಗೆ ಅಂಕಿ. ಚಹಾಕ್ಕೆ ಸಕ್ಕರೆ ಡಬ್ಬಿ ಹುಡುಕುತ್ತಿದ್ದ ನನ್ನ ಕೈಗೆ ಅದು ಸಿಕ್ಕಿದ್ದು ಹಿಂದುಮುಂದಾಗಿ. ‘ಇದೆಂಥ ಲೆಕ್ಕ ಅಕ್ಕಾ?’ ಎಂದೆ. ಅಕ್ಕ ಒಲೆ ಸಣ್ಣ ಮಾಡಿ, ಒಳಕೋಣೆಯ ಕಡೆ ಒಮ್ಮೆ ನೋಡಿ, ‘ನಿನ್ನ ಭಾವ ಎಷ್ಟು ಸಲ ಹೋದರು ಅಂತ’ ಎಂದಳು.

ಅಕ್ಕ ಇರುವ ಬಹ್ರೇನಿನ ಮುಹರ್ರಕ್‌ಗೆ ಹೋಗಿ ಬಂದು ತಿಂಗಳಾದರೂ ಆ ಗೀಟುಗಳು ನನ್ನ ಕಣ್ಣಿನಿಂದ ಹೋಗಿಲ್ಲ. ಮುತ್ತಿನ ವ್ಯಾಪಾರಿಗಳ ಹಳೆಯ ಮನೆಗಳನ್ನು, 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಆ ಗಲ್ಲಿಗಳನ್ನು ನೋಡಬೇಕೆಂದು ಹೋದವನು ನಾನು. ನೋಡಿದೆ, ಚೆನ್ನಾಗಿವೆ. ಬರೆಯಬೇಕೆನಿಸಿದ್ದು ಮಾತ್ರ ಈ ಪುಸ್ತಕದ ಬಗ್ಗೆ.

ಭಾವನಿಗೆ ಕಿಡ್ನಿ ಕ್ಯಾನ್ಸರ್. ಒಂದು ಕಿಡ್ನಿ ತೆಗೆದ ಮೇಲೂ ಶ್ವಾಸಕೋಶದಲ್ಲಿ ಚುಕ್ಕೆಗಳು ಕಾಣಿಸಿಕೊಂಡಾಗ ವೈದ್ಯರು ಇಮ್ಯುನೊಥೆರಪಿ ಶುರುಮಾಡಿದರು. ಇಪಿಲಿಮುಮಾಬ್ ಮತ್ತು ನಿವೊಲುಮಾಬ್, ಎರಡು ಔಷಧ ಜೊತೆಯಾಗಿ, ಮೂರು ವಾರಕ್ಕೊಮ್ಮೆ ಡ್ರಿಪ್. ಮುಹರ್ರಕ್ ದ್ವೀಪದ ಬುಸೈತೀನ್‌ನಲ್ಲೇ ಕಿಂಗ್ ಹಮದ್ ಯೂನಿವರ್ಸಿಟಿ ಆಸ್ಪತ್ರೆ ಇದೆ, ಅದರ ಆವರಣದಲ್ಲಿ ಬಹ್ರೇನ್ ಆಂಕಾಲಜಿ ಸೆಂಟರ್ ಇದೆ. ಸೇತುವೆ ದಾಟಿದರೆ ಮನಾಮಾದಲ್ಲಿ ಇನ್ನಷ್ಟು ಆಸ್ಪತ್ರೆಗಳು. ತಾನು ಹೋಗುವುದು ಯಾವುದಕ್ಕೆ ಎಂದು ಬರೆಯಬೇಡ ಎಂದಿದ್ದಾರೆ ಭಾವ, ಬರೆಯುವುದಿಲ್ಲ.

ಈ ಔಷಧಗಳ ಕಥೆ ಹೀಗಿದೆ. ನಮ್ಮ ರಕ್ಷಣಾ ಕಣಗಳು ಮಿತಿಮೀರದ ಹಾಗೆ ದೇಹವೇ ಅವಕ್ಕೆ ಕಟ್ಟು ಹಾಕಿರುತ್ತದೆ, ಕ್ಯಾನ್ಸರ್ ಆ ಕಟ್ಟಿನ ಲಾಭ ಪಡೆದು ಬದುಕುತ್ತದೆ. ಕ್ಯೋಟೋದ ತಾಸುಕು ಹೊಂಜೊ ಅವರ ತಂಡ 1992ರಲ್ಲಿ ಪಿಡಿ-1 ಎಂಬ ಕಟ್ಟನ್ನು ಗುರುತಿಸಿತು. ಸಿಟಿಎಲ್ಎ-4 ಎಂಬ ಇನ್ನೊಂದನ್ನು ಬಿಚ್ಚಿದರೆ ಇಲಿಗಳ ಗೆಡ್ಡೆ ಕರಗುತ್ತದೆಂದು ಅಮೆರಿಕದ ಜೇಮ್ಸ್ ಆಲಿಸನ್ 1996ರಲ್ಲಿ ತೋರಿಸಿದರು. ಸಿಟಿಎಲ್ಎ-4 ಬಿಚ್ಚುವ ಇಪಿಲಿಮುಮಾಬ್ 2011ರಲ್ಲಿ, ಪಿಡಿ-1 ಬಿಚ್ಚುವ ನಿವೊಲುಮಾಬ್ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಿದುಳಿಗೆ ಹರಡಿದ್ದ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿಗೆ ಇದೇ ಬಗೆಯ ಔಷಧ ಪಡೆದು ಪಾರಾದ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ನೂರು ವರ್ಷ ತುಂಬಿಸಿಯೇ ಹೋದರು.

ರಾತ್ರಿ ಕಾವಲಿಗೆಂದು ನಾಯಿಯ ಕಟ್ಟು ಬಿಚ್ಚಿದ ಮೇಲೆ ಅದು ಕಳ್ಳನನ್ನಷ್ಟೇ ಕಚ್ಚುತ್ತದೆ ಎನ್ನಲಾಗದು. ನಮ್ಮ ಕರುಳಿನಲ್ಲಿ ಕೋಟ್ಯಂತರ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವುಗಳ ಪಕ್ಕದಲ್ಲೇ, ತೆಳ್ಳನೆಯ ಪೊರೆಯ ಈಚೆಗೆ, ರಕ್ಷಣಾ ಕಣಗಳ ದೊಡ್ಡ ಠಾಣ್ಯ. ಇವೆರಡೂ ಜಗಳವಾಡದೆ ಇರುವುದು ಅದೇ ಕಟ್ಟುಗಳ ದೆಸೆಯಿಂದ. ಕಟ್ಟು ಬಿಚ್ಚಿದಾಗ ಕೆಲವರಲ್ಲಿ ರಕ್ಷಣಾ ಕಣಗಳು ಸ್ವಂತ ಕರುಳಿನ ಮೇಲೇ ಬೀಳುತ್ತವೆ, ದೊಡ್ಡ ಕರುಳು ಕೆಂಪಾಗಿ ಊದಿಕೊಳ್ಳುತ್ತದೆ. ವೈದ್ಯರು ಕೊಲೈಟಿಸ್ ಎನ್ನುವುದು ಇದಕ್ಕೇ. ಇಪಿಲಿಮುಮಾಬ್ ಪಡೆದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಭೇದಿ ಆಗುತ್ತದೆ. ಪಿಡಿ-1 ಔಷಧ ಒಂದೇ ಆದರೆ ಕಡಿಮೆ, ಎರಡೂ ಸೇರಿದರೆ ಹೆಚ್ಚು. ಸಾಮಾನ್ಯವಾಗಿ ಆರೆಂಟು ವಾರಕ್ಕೆ ಶುರು. ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೆ ಬಂದದ್ದೂ ಉಂಟು. ಕೀಮೋದ ಭೇದಿಯೇ ಬೇರೆ, ಅಲ್ಲಿ ಔಷಧ ಕರುಳಿನ ಒಳಪದರವನ್ನು ನೇರವಾಗಿ ಸುಡುತ್ತದೆ. ಹೊರನೋಟಕ್ಕೆ ಎರಡೂ ಒಂದೇ ಥರ ಕಂಡರೂ ಮದ್ದು ಒಂದೇ ಅಲ್ಲ.

ಇನ್ನು ಪುಸ್ತಕಕ್ಕೆ ಬರುತ್ತೇನೆ.

ಮೊದಲ ಡ್ರಿಪ್ಪಿನ ದಿನ ಮಲಯಾಳಿ ನರ್ಸ್ ಒಬ್ಬಳು ಭಾವನ ಹತ್ತಿರ, ‘ದಿನಕ್ಕೆ ಎಷ್ಟು ಸಲ ಹೋಗುತ್ತೀರಿ?’ ಎಂದು ಕೇಳಿದಳಂತೆ. ಭಾವ ಕಿವಿ ಕೆಂಪಗೆ ಮಾಡಿಕೊಂಡು ಕಿಟಕಿ ನೋಡಿದರು. ಅಕ್ಕ ‘ಒಂದು’ ಎಂದಳು. ನರ್ಸ್ ಅದನ್ನು ಫೈಲಿನಲ್ಲಿ ಬರೆದು, ನೀವೂ ಬರೆದಿಡಿ ಎಂದಳು. ಹಿಂದಿನ ಪುಟದ ತುದಿಯಲ್ಲಿ, ಸುತ್ತು ಹಾಕಿದ ಒಂದು ‘1’ ಇದೆ. ನನಗೆ ಅದೇ ಇಡೀ ಪುಸ್ತಕದ ಜೀವ ಎನಿಸಿತು. ವೈದ್ಯರು ಅಳೆಯುವುದು ಎಷ್ಟು ಸಲ ಎಂಬುದನ್ನಲ್ಲ, ನಿಮ್ಮ ಮಾಮೂಲಿಗಿಂತ ಎಷ್ಟು ಹೆಚ್ಚು ಎಂಬುದನ್ನು. ಹೆಚ್ಚಾದದ್ದು ನಾಲ್ಕರ ಒಳಗಿದ್ದರೆ ಮೊದಲ ಹಂತ. ನಾಲ್ಕರಿಂದ ಆರಾದರೆ ಎರಡನೆಯದು. ಏಳು ಅಥವಾ ಅದಕ್ಕೂ ಮೇಲಾದರೆ ಮೂರನೆಯದು, ಆಸ್ಪತ್ರೆಗೆ ಸೇರಬೇಕಾದದ್ದು. ಹಾಗಾಗಿ ದಿನಕ್ಕೆ ಒಂದು ಸಲ ಹೋಗುವವನಿಗೂ ಮೂರು ಸಲ ಹೋಗುವವನಿಗೂ ‘ಐದು’ ಎಂಬ ಅಂಕಿಯ ಅರ್ಥ ಬೇರೆ ಬೇರೆ. ಚಿಕಿತ್ಸೆಗೆ ಮೊದಲಿನ ಆ ಅಂಕಿ ಗೊತ್ತಿಲ್ಲದಿದ್ದರೆ ಆಮೇಲಿನ ಅಂಕಿಗಳಿಗೆ ಬೆಲೆ ಕಟ್ಟುವುದೇ ಕಷ್ಟ.

ಏಳನೆಯ ವಾರ, ಆಗಸ್ಟ್ ತಿಂಗಳು. ಸಾಲುಗಳು ಹೀಗಿವೆ: 1, 2, 1, 3, 3, 5, 8. ‘ಮೂರು’ ಬಂದ ದಿನ ಭಾವ ಬಂಗುಡೆ ಸಾರನ್ನು ಬೈದರು. ‘ಐದು’ ಬಂದದ್ದು ಶುಕ್ರವಾರ, ರಜಾದಿನ. ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋಗಿ ‘ಸ್ವಲ್ಪ ಹೊಟ್ಟೆ ಸರಿ ಇಲ್ಲ’ ಎಂದರು. ಹೊರಗಿನ ಊಟ ಇರಬೇಕು ಎಂದು ಅಲ್ಲಿನ ವೈದ್ಯರು ಆಂಟಿಬಯಾಟಿಕ್ ಬರೆದರು, ಭೇದಿ ನಿಲ್ಲುವ ಮಾತ್ರೆ ಕೊಟ್ಟರು. ಇಮ್ಯುನೊಥೆರಪಿ ನಡೆಯುತ್ತಿದೆ ಎಂದು ತಿಳಿಸುವ ಚಿಕ್ಕ ಕಾರ್ಡು ಭಾವನ ಪರ್ಸಿನಲ್ಲೇ, ಸಿಪಿಆರ್ ಎಂಬ ಅಲ್ಲಿನ ಗುರುತಿನ ಕಾರ್ಡಿನ ಹಿಂದೆ ಇತ್ತು. ಭಾವ ಅದನ್ನು ತೋರಿಸಲಿಲ್ಲ. ವೈದ್ಯರು ಕೇಳಲಿಲ್ಲ. ಮರುದಿನ ಎಂಟು ಗೀಟು. ಅದರಲ್ಲಿ ಎರಡರ ಪಕ್ಕ ಅಕ್ಕ ಕೆಂಪು ಪೆನ್ನಿನಲ್ಲಿ ಚುಕ್ಕೆ ಇಟ್ಟಿದ್ದಾಳೆ, ರಕ್ತ ಕಂಡದ್ದಕ್ಕೆ.

‘ಸ್ವಲ್ಪ ಹೊಟ್ಟೆ ಸರಿ ಇಲ್ಲ’ ಎಂಬ ಆ ಮಾತಿನ ಮೇಲೆ ನನಗೆ ಸಿಟ್ಟಿದೆ, ಪ್ರೀತಿಯೂ ಇದೆ. ನಮ್ಮ ಊರ ಕಡೆ ಇದನ್ನು ನೇರ ಹೇಳಿದವರೇ ಇಲ್ಲ. ಗುಡ್ಡೆಗೆ ಹೋಗುವುದು, ಹೊರಗೆ ಹೋಗುವುದು, ಕೆರೆ ಕಡೆ ಹೋಗುವುದು, ಚೊಂಬು ತಕ್ಕೊಂಡು ಹೋಗುವುದು. ಗುಡ್ಡೆಯೂ ಕೆರೆಯೂ ಇಲ್ಲದ, ಮಣ್ಣೆಲ್ಲ ಉಪ್ಪಾದ ಆ ದ್ವೀಪದಲ್ಲೂ ಭಾವ ಹೋಗುತ್ತಿದ್ದದ್ದು ಗುಡ್ಡೆಗೇ. ಮರ್ಯಾದೆಯ ಮಾತುಗಳು ಇವು, ಅಜ್ಜ ಅಜ್ಜಿಯಿಂದ ಬಂದವು. ಆದರೆ ಅರಬ್ಬಿ ಆಡುವ ವೈದ್ಯರು, ಮಲಯಾಳಿ ನರ್ಸ್, ನಾಚಿಕೊಂಡ ಕನ್ನಡದ ರೋಗಿ ಇರುವ ಕೋಣೆಯಲ್ಲಿ ಅವು ನಡೆಯುವುದಿಲ್ಲ. ನಡೆದದ್ದು ಗೀಟು. ಎಂಟರ ಸಾಲು ಮುಗಿಯುವ ಮೊದಲೇ ಅಕ್ಕ ಹಾಲಿನ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಕ್ಯಾನ್ಸರ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಮೇಜಿನ ಮೇಲೆ ಹಿಂದಿನಿಂದ ತೆರೆದಿಟ್ಟಳು. ವೈದ್ಯರು ಒಂದೇ ನೋಟದಲ್ಲಿ ಓದಿದರಂತೆ.

ಭೇದಿ ನಿಲ್ಲುವ ಮಾತ್ರೆಯ ತೊಂದರೆ ಏನೆಂದರೆ, ಗೀಟು ಕಡಿಮೆಯಾಗುತ್ತದೆ, ಉರಿಯೂತ ಒಳಗೆ ಬೆಳೆಯುತ್ತಲೇ ಇರುತ್ತದೆ. ಬಿಟ್ಟರೆ ಕರುಳು ತೂತಾಗುವ ಅಪಾಯವೂ ಇದೆ. ರಕ್ತ, ಲೋಳೆ, ಹೊಟ್ಟೆನೋವು, ಜ್ವರ, ರಾತ್ರಿ ಎಬ್ಬಿಸುವ ಭೇದಿ ಇವಕ್ಕೆಲ್ಲ ಬೆಳಗಾಗಲೆಂದು ಕಾಯಬಾರದು. ಸೋಂಕು ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮಲಪರೀಕ್ಷೆ ಮಾಡಿದರು, ಕೊಳವೆ ಹಾಕಿ ಕರುಳು ನೋಡಿದರು, ರಕ್ತನಾಳದ ಮೂಲಕ ಸ್ಟೀರಾಯ್ಡ್ ಶುರುಮಾಡಿದರು. ಅದೇ ದಿನ ಕ್ಷಯದ ರಕ್ತಪರೀಕ್ಷೆಗೂ ಕಳಿಸಿದರು. ಭಾವ ಗಾಬರಿಯಾದರು. ಅದರ ಕಾರಣ ಮೂರನೆಯ ದಿನ ತಿಳಿಯಿತು. ಸ್ಟೀರಾಯ್ಡ್‌ಗೆ ಗೀಟು ಇಳಿಯದಿದ್ದಾಗ ಇನ್‌ಫ್ಲಿಕ್ಸಿಮಾಬ್ ಕೊಡಬೇಕಾಯಿತು. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಗೆ 1998ರಿಂದ ಬಳಕೆಯಲ್ಲಿರುವ ಈ ಔಷಧ, ಮೈಯಲ್ಲಿ ಮಲಗಿರುವ ಕ್ಷಯವನ್ನು ಎಬ್ಬಿಸಬಲ್ಲದು. ನಮ್ಮ ದೇಶದಿಂದ ಹೋದವರಲ್ಲಿ ಅಂಥ ಕ್ಷಯ ಇರುವವರು ಕಡಿಮೆಯೇನಲ್ಲ. ಪುಸ್ತಕದಲ್ಲಿ ಮುಂದಿನ ಸಾಲುಗಳು: 8, 6, 4, 3, 2.

ಈಗ ಗಂಜಿಯ ವಿಷಯ. ಸಂಪಾದಕರು ಕತ್ತರಿ ಹಾಕದಿದ್ದರೆ ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಬೇಸಿಗೆಯ ಮಧ್ಯಾಹ್ನ ಬಯಲಿನಲ್ಲಿ ಕೂಲಿ ಮಾಡಿಸುವುದನ್ನೇ ಕಾನೂನು ತಡೆಯುವ ಊರದು. ಅಲ್ಲಿ ಆಗಸ್ಟಿನಲ್ಲಿ ಎಂಟು ಸಲ ಭೇದಿಯಾದವನ ಮೈಯಲ್ಲಿ ನೀರು ಉಳಿಯುವುದೆಷ್ಟು? ಅಕ್ಕ ಮನೆಯಲ್ಲಿದ್ದಷ್ಟು ಹೊತ್ತೂ ಕೊಟ್ಟದ್ದು ಬೆಳ್ತಿಗೆ ಅಕ್ಕಿಯ ಗಂಜಿಯ ತಿಳಿ, ಉಪ್ಪು ಹಾಕಿ, ಕಾಲು ಲೋಟದಂತೆ. ನಡುನಡುವೆ ಓಆರ್‌ಎಸ್. ಉಪ್ಪೂ ಸಕ್ಕರೆಯೂ ಕೂಡಿಯೇ ಕರುಳನ್ನು ದಾಟುತ್ತವೆ, ನೀರನ್ನೂ ಎಳೆದುಕೊಂಡು ಹೋಗುತ್ತವೆ ಎಂಬ ವಿವರಣೆಯನ್ನು ವಿಜ್ಞಾನಿ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್‌ನಲ್ಲಿ ಮುಂದಿಟ್ಟರು. ಅದನ್ನು ಬೀದಿಗೆ ತಂದವರು ನಮ್ಮವರೇ ಆದ ವೈದ್ಯ ದಿಲೀಪ್ ಮಹಲನಬಿಸ್. 1971ರ ಬಾಂಗ್ಲಾ ಯುದ್ಧಕಾಲ, ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರ, ಕಾಲರಾ. ಡ್ರಿಪ್ಪಿನ ಬಾಟಲಿಗಳು ಮುಗಿದಿವೆ. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾ. ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ಕರಗಿಸಿ, ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಶೇ 30ರಷ್ಟಿದ್ದ ಸಾವು ಶೇ 3.6ಕ್ಕೆ ಇಳಿಯಿತು. ಎಷ್ಟು ಸಲ ಓದಿದರೂ ಈ ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ತೀರಿಹೋದ ಮೇಲೆ.

ಬಹ್ರೇನ್ ಎಂದರೆ ಅರಬ್ಬಿಯಲ್ಲಿ ‘ಎರಡು ಕಡಲು’. ಈ ದ್ವೀಪಗಳ ಸುತ್ತ ಉಪ್ಪುಕಡಲಿನ ತಳದಲ್ಲೇ ಸಿಹಿನೀರಿನ ಬುಗ್ಗೆಗಳಿದ್ದವು. ಹಿಂದಿನ ಕಾಲದ ಮುಳುಗುಗಾರರು ಚರ್ಮದ ಚೀಲ ಹಿಡಿದು ಕೆಳಗಿಳಿದು, ಬುಗ್ಗೆಯ ಬಾಯಿಗೆ ಒಡ್ಡಿ, ಕುಡಿಯುವ ನೀರು ತುಂಬಿಸಿ ತರುತ್ತಿದ್ದರು. ಇದನ್ನು ಭಾವನಿಗೆ ಹೇಳಿದರೆ, ‘ಅದೇ ಮಾರಾಯ, ನಿನ್ನ ಅಕ್ಕ ನನಗೆ ಕೊಟ್ಟದ್ದೂ ಉಪ್ಪಿನ ಒಳಗಿನ ಸಿಹಿನೀರೇ’ ಎಂದರು.

ಈಗಿನ ಓಆರ್‌ಎಸ್ ಪೊಟ್ಟಣದಲ್ಲಿ ಇರಬೇಕಾದದ್ದು ಒಟ್ಟು 20.5 ಗ್ರಾಂ, ಅದರಲ್ಲಿ ಗ್ಲೂಕೋಸ್ 13.5. ಅಂಗಡಿಯ ಬಣ್ಣದ ಸಕ್ಕರೆ ಪಾನೀಯಗಳು ಅದೇ ಹೆಸರು ಹೊತ್ತು ಮಾರಾಟವಾಗುತ್ತಿದ್ದುದನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ತಡೆದದ್ದು 2025ರ ಅಕ್ಟೋಬರಿನಲ್ಲಷ್ಟೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ, ಅದೊಂದನ್ನೇ ನಂಬಬಾರದು. ಗಂಜಿಯಾಗಲಿ ಓಆರ್‌ಎಸ್ ಆಗಲಿ ಕರುಳಿನ ಉರಿಯೂತ ಇಳಿಸುವುದಿಲ್ಲ, ಅದಕ್ಕೆ ಸ್ಟೀರಾಯ್ಡಿನಂಥ ಮದ್ದೇ ಬೇಕು. ಮದ್ದು ಕೆಲಸ ಮಾಡುವ ತನಕ ಮನುಷ್ಯನನ್ನು ಎತ್ತಿ ಹಿಡಿಯುವುದಷ್ಟೇ ಗಂಜಿಯ ಪಾಲು. ಅದೇನು ಸಣ್ಣ ಪಾಲಲ್ಲ.

ಊಟದಲ್ಲಿ ಆಗ ಭಾವ ಹಾಲು, ಕಾಫಿ, ಖಾರ, ಎಣ್ಣೆ, ಕಾಳು, ಹಸಿ ತರಕಾರಿ ಬಿಟ್ಟಿದ್ದರು. ತುಪ್ಪ, ಕೇಸರಿ, ಬಾದಾಮಿಯ ಮುಹರ್ರಕ್ ಹಲ್ವಾ ಮೇಜಿನ ಮೇಲೇ ಇದ್ದರೂ ಮುಟ್ಟಲಿಲ್ಲವಂತೆ. ನೆಂಟರು ಮಾತ್ರ ಸುಮ್ಮನಿರಲಿಲ್ಲ. ‘ಇಮ್ಯುನಿಟಿ’ ಹೆಚ್ಚಿಸುವ ಕಷಾಯ, ಪ್ರೊಬಯಾಟಿಕ್ ಡಬ್ಬಿ, ಊರಿನಿಂದ ಬಂದವರ ಚೀಲದಲ್ಲೆಲ್ಲ ಅವೇ. ಇಮ್ಯುನಿಟಿ ಮಿತಿಮೀರಿ ಮಲಗಿದ ಮನುಷ್ಯನಿಗೆ ಅದನ್ನೇ ಹೆಚ್ಚಿಸುವ ಪುಡಿ! ಡಬ್ಬಿಗಳ ಬಗ್ಗೆ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. 2021ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಆ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತು. ದಿನಕ್ಕೆ ಕನಿಷ್ಠ 20 ಗ್ರಾಂ ನಾರು ತಿನ್ನುತ್ತ ಪ್ರೊಬಯಾಟಿಕ್ ಮಾತ್ರೆ ನುಂಗದ ಮೆಲನೋಮಾ ರೋಗಿಗಳಲ್ಲಿ ಇಮ್ಯುನೊಥೆರಪಿ ಚೆನ್ನಾಗಿ ನಡೆದಿತ್ತು. ಇಲಿಗಳಲ್ಲಂತೂ ಅಂಗಡಿಯ ಪ್ರೊಬಯಾಟಿಕ್ ಚಿಕಿತ್ಸೆಯ ಬಲವನ್ನೇ ಕುಂದಿಸಿತ್ತು. ಆದರೆ ನಾರಿನ ಮಾತು ಹೊಟ್ಟೆ ನೆಟ್ಟಗಿರುವ ದಿನಗಳಿಗೆ. ಕರುಳು ಊದಿದ ದಿನಗಳಲ್ಲಿ ಅದೇ ಕುಚ್ಚಲಕ್ಕಿ, ಅದೇ ಹೆಸರುಕಾಳು ಉರಿಗೆ ಸೌದೆ. ಇದನ್ನು ಅದಲುಬದಲು ಮಾಡಿಕೊಂಡವರನ್ನು ನಾನೇ ನೋಡಿದ್ದೇನೆ.

ಮನೆಗೆ ಬಂದ ಮೇಲೆ ಸ್ಟೀರಾಯ್ಡ್ ಮಾತ್ರೆಯನ್ನು ಒಂದೂವರೆ ತಿಂಗಳಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. ರಾತ್ರಿ ನಿದ್ದೆ ಇಲ್ಲ, ಸಕ್ಕರೆ ಏರಿತು, ಹಸಿವು ಹೊತ್ತುಗೊತ್ತಿಲ್ಲದೆ. ತಟ್ಟನೆ ನಿಲ್ಲಿಸಿದರೆ ಗೀಟು ಮತ್ತೆ ಏರುತ್ತದೆ ಎಂದು ಅಕ್ಕ ಮಾತ್ರೆಗಳನ್ನೂ ಲೆಕ್ಕ ಬರೆದಳು. ಭಾವನನ್ನು ಆಗ ಕಾಡಿದ ಪ್ರಶ್ನೆ ಒಂದೇ: ಕಟ್ಟು ಬಿಚ್ಚಿದ್ದನ್ನು ಮತ್ತೆ ಕಟ್ಟಿಹಾಕಿದರೆ ಕ್ಯಾನ್ಸರಿಗೆ ಸಲುಗೆ ಕೊಟ್ಟ ಹಾಗಲ್ಲವೇ? ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆ ಇಪಿಲಿಮುಮಾಬ್ ಪಡೆದ 298 ಮೆಲನೋಮಾ ರೋಗಿಗಳ ಲೆಕ್ಕವನ್ನು 2015ರಲ್ಲಿ ಕೊಟ್ಟಿದೆ. ಸ್ಟೀರಾಯ್ಡ್ ಬೇಕಾದವರು 103 ಮಂದಿ. ಅವರು ಬದುಕಿದ ಕಾಲ ಉಳಿದವರಿಗಿಂತ ಕಡಿಮೆಯಾಗಿರಲಿಲ್ಲ. ಭಾವನಿಗೆ ಇಪಿಲಿಮುಮಾಬನ್ನು ಶಾಶ್ವತವಾಗಿ ನಿಲ್ಲಿಸಿದರು. ಕರುಳು ಶಾಂತವಾದ ಮೇಲೆ ನಿವೊಲುಮಾಬ್ ಒಂದನ್ನೇ ಎಚ್ಚರದಿಂದ ಮುಂದುವರಿಸಿದ್ದಾರೆ. ಶ್ವಾಸಕೋಶದ ಚುಕ್ಕೆಗಳು ಸಣ್ಣಗಾಗಿವೆ.

‘ಎಂತ ಬರೆಯುವುದು ಇದನ್ನೆಲ್ಲ ಪೇಪರಿನಲ್ಲಿ’ ಎಂದು ಭಾವ ಎರಡು ದಿನ ಒಪ್ಪಲಿಲ್ಲ. ನಾನು ಮುಂಬೈಯ ಟಾಟಾ ಮೆಮೋರಿಯಲ್‌ನ ಪ್ರಯೋಗದ ಬಗ್ಗೆ ಹೇಳಿದೆ. ಬಾಯಿ, ಗಂಟಲಿನ ಕ್ಯಾನ್ಸರಿನ ಬಡ ರೋಗಿಗಳಿಗೆ ಬೇರೆ ಮಾತ್ರೆಗಳ ಜೊತೆ ಬರೀ 20 ಮಿಲಿಗ್ರಾಂ ನಿವೊಲುಮಾಬ್, ಅಂದರೆ ಮಾಮೂಲು ಪ್ರಮಾಣದ ಹತ್ತನೇ ಒಂದಕ್ಕೂ ಕಡಿಮೆ. ವರ್ಷ ದಾಟಿದವರು ಶೇ 16ರಿಂದ ಶೇ 43ಕ್ಕೆ ಏರಿದರು. ಎಲೆಯಡಿಕೆ, ಹೊಗೆಸೊಪ್ಪಿನ ನಮ್ಮ ಜಿಲ್ಲೆಗಳಿಗೂ ಈ ಔಷಧ ಬರುತ್ತಿದೆ, ‘ಸ್ವಲ್ಪ ಹೊಟ್ಟೆ ಸರಿ ಇಲ್ಲ’ ಎನ್ನುವವರು ಅಲ್ಲೂ ಇದ್ದಾರೆ ಎಂದೆ. ಭಾವ ತುಂಬ ಹೊತ್ತು ಮಾತಾಡಲಿಲ್ಲ.

ನಾನು ಹೊರಡುವ ಹಿಂದಿನ ದಿನ ಡ್ರಿಪ್ ಇತ್ತು, ಜೊತೆಗೆ ಹೋಗಿದ್ದೆ. ನರ್ಸ್ ಫೈಲು ತೆರೆದು ಅದೇ ಪ್ರಶ್ನೆ ಕೇಳಿದಳು. ಅಕ್ಕ ಚೀಲಕ್ಕೆ ಕೈ ಹಾಕಿ ಪುಸ್ತಕ ತೆಗೆಯುವಷ್ಟರಲ್ಲಿ ಭಾವ, ಪಕ್ಕದ ಕುರ್ಚಿಯವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ‘ಒಂದು. ಮೊನ್ನೆ ಮಂಗಳವಾರ ಮಾತ್ರ ಎರಡು’ ಎಂದರು.