ಮನೆಯ ಓದು, ತರಗತಿಯ ಪ್ರಶ್ನೆ

ದುಡಿಮೆ ಬಿಟ್ಟು ಕಾಲೇಜಿಗೆ ಹೋಗಲಾರದವರು ಓದಿನ ಬಾಗಿಲು ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ದೆಹಲಿ ವಿಶ್ವವಿದ್ಯಾಲಯವು 1962ರಲ್ಲಿಯೇ ಅಂಚೆಯ ಮೂಲಕ ಪಾಠ ಕಳುಹಿಸುವ ಏರ್ಪಾಡು ಮಾಡಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಇದೇ ನಗರದಲ್ಲಿ ಹುಟ್ಟಿತು. ಎರಡರಲ್ಲಿಯೂ ಮನೆಯ ಓದಿನೊಡನೆ ಅಧ್ಯಾಪಕರ ಎದುರು ಕುಳಿತು ಕಲಿಯುವ ತರಗತಿಗಳುಂಟು.

ಅಂಚೆಯ ಪಾಠದಲ್ಲಿ ಸಂದೇಹ ಬಂದರೆ ಉತ್ತರಕ್ಕೆ ದಿನಗಟ್ಟಲೆ ಕಾಯಬೇಕಾಗಿತ್ತು. ಜೊತೆಗಾರರು ಏನು ಬರೆದರೆಂಬುದೂ ತಿಳಿಯುತ್ತಿರಲಿಲ್ಲ. ಈಗ ಗೂಗಲ್ ಡಾಕ್ಸ್‌ನಂತಹ ಸಾಧನದಲ್ಲಿ ಒಂದೇ ಹಾಳೆಯನ್ನು ಹಲವರು ತಮ್ಮ ತಮ್ಮ ಮೊಬೈಲಿನಲ್ಲಿ ತೆರೆದು ಬರೆಯಬಹುದು, ತಿದ್ದಬಹುದು. ಗುರುಗ್ರಾಮದ ರಾತ್ರಿ ಪಾಳಿಯವರೂ ನೊಯ್ಡಾದ ಗುಮಾಸ್ತರೂ ಬೇರೆ ಬೇರೆ ಹೊತ್ತಿನಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆದು, ಪರಸ್ಪರ ತಪ್ಪು ತೋರಿಸಿಕೊಳ್ಳಬಹುದು.

ಆದರೆ ಯಂತ್ರವೊಂದೇ ಸಾಲದು. ಮುಖ ನೋಡಿದೊಡನೆ, ಇವನಿಗೆ ಅರ್ಥವಾಗಿಲ್ಲವೆಂದು ಅರಿಯುವವರು ಅಧ್ಯಾಪಕರೇ. ಆದುದರಿಂದ ಸುಲಭವಾದುದನ್ನು ವಾರದಲ್ಲಿ ಮನೆಯಲ್ಲಿ ಓದಿ, ಸಂದೇಹಗಳನ್ನು ಆ ಹಾಳೆಯಲ್ಲಿ ಬರೆದಿಡಬೇಕು; ಅಧ್ಯಾಪಕರು ಅದನ್ನು ಮೊದಲೇ ನೋಡಿ ಬಂದು, ಕಠಿನವಾದುದನ್ನು ತರಗತಿಯಲ್ಲಿ ಬಿಡಿಸಿ ಹೇಳಬೇಕು. ಸ್ವಂತ ಮೊಬೈಲ್ ಇಲ್ಲದವರ ಪ್ರಶ್ನೆಯನ್ನು ಜೊತೆಗಾರರು ಬರೆದು ಸೇರಿಸಬೇಕು.

ನಾವು ಬಸ್ಸಿನ ಖರ್ಚನ್ನೂ ವಾರದ ಒಂದೇ ರಜೆಯನ್ನೂ ತೆತ್ತು ತರಗತಿಗೆ ಹೋಗುವವರು. ಆ ಗಂಟೆಯನ್ನು ಟಿಪ್ಪಣಿ ನಕಲು ಮಾಡುವುದರಲ್ಲಿ ಕಳೆಯದೆ, ಪ್ರಶ್ನೆ ಕೇಳುವುದಕ್ಕೆ ಉಪಯೋಗಿಸೋಣ.