ನಿಮಗಿದು ಗೊತ್ತೇ? ಮಡಕೆಯ ಬೆನ್ನ ಮೇಲೆ ಮೂಡುವ ಸಿಹಿ!

ಕಾವಲಿ ಇಲ್ಲ, ಓವನ್ ಇಲ್ಲ. ಆದರೂ ಕಾಗದದಷ್ಟು ತೆಳ್ಳನೆಯ ಸಿಹಿ ತಯಾರು! ಶಿರಸಿ, ಸಿದ್ದಾಪುರ, ಯಲ್ಲಾಪುರದ ತೊಡೆದೇವು ಬೇಯುವುದು ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ. ಬೆಂಕಿ ಅದರ ಕೆಳಗೆ!

ಹಿಟ್ಟು ಹೊಯ್ಯಲು ಸೌಟೂ ಬೇಡ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ಕಬ್ಬಿನ ಹಾಲು ಇಲ್ಲವೇ ಬೆಲ್ಲ ಬೆರೆಸಿ ತೆಳ್ಳಗೆ ಮಾಡಿಕೊಳ್ಳುತ್ತಾರೆ. ಕೋಲಿಗೆ ಕಟ್ಟಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಮಡಕೆಯ ಮೇಲೆ ಎಳೆದರೆ ಚರ್ರ್! ಅಂಚು ಎದ್ದೊಡನೆ ಬಿಡಿಸಿ, ಬಿಸಿ ಇರುವಾಗಲೇ ಮಡಚಬೇಕು. ತುಸು ತಡವಾಯಿತೋ, ಗರಿಗರಿಯಾಗಿ ಕೈಯಲ್ಲೇ ಮುರಿಯುತ್ತದೆ!

ಮಡಚಿದ ಮೇಲೆ ಆಕಾರ? ತ್ರಿಕೋನ. ಯಹೂದಿಗಳ ಪುರಿಮ್ ಹಬ್ಬಕ್ಕೂ ಇಂಥದ್ದೇ ಮೂರು ಮೂಲೆಯ ಬಿಸ್ಕತ್ತು ಬೇಕು. ಅದೇ ಹಾಮಂಟಾಶ್. ಒಳಗಿನ ಹಳೇ ಕಾಲದ ಹೂರಣ ಯಾವುದು ಹೇಳಿ? ನಮ್ಮ ಪಾಯಸದ ಗಸಗಸೆ!

ಇಸ್ರೇಲಿನಲ್ಲಿ ಈ ಬಿಸ್ಕತ್ತಿಗೆ ‘ಹಾಮಾನನ ಕಿವಿ’ ಎನ್ನುತ್ತಾರೆ. ಹಾಮಾನ್ ಪುರಿಮ್ ಕಥೆಯ ಖಳನಾಯಕ, ಯಹೂದಿಗಳನ್ನೆಲ್ಲ ಕೊಲ್ಲಿಸಲು ಹೊರಟ ಪರ್ಷಿಯಾದ ಮಂತ್ರಿ. ದುಷ್ಟನ ಕಿವಿ ಕಡಿದು ತಿನ್ನುವ ಹಬ್ಬ ಇನ್ನೆಲ್ಲಿದೆ!

ಯಹೂದಿಗಳ ಪಂಚಾಂಗದಲ್ಲೂ ಅಧಿಕಮಾಸ ಉಂಟು. 19 ವರ್ಷಕ್ಕೆ 7! ಹಾಗಾಗಿ ಪುರಿಮ್ ಆಗಾಗ ನಮ್ಮ ಹೋಳಿಯ ಪಕ್ಕದಲ್ಲೇ ಬಂದು ಕೂರುತ್ತದೆ. 2024ರಲ್ಲಿ ಮಾರ್ಚ್ 24ಕ್ಕೆ ಪುರಿಮ್, 25ಕ್ಕೆ ಹೋಳಿ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳಂತೂ ಹಿಂದೆ ಪುರಿಮ್ ಅನ್ನು ಹೋಳಿ ಹಬ್ಬವೆಂದೇ ಕರೆಯುತ್ತಿದ್ದರು! ಅವರ ಹಬ್ಬದಡುಗೆಯಲ್ಲಿ ಕರಂಜಿಯೂ ಇದೆ. ಬೇರೇನಲ್ಲ, ನಮ್ಮ ಕರ್ಜಿಕಾಯಿ!

ಪುರಿಮ್‌ಗೆ ದೊಡ್ಡವರು ಚಿಕ್ಕವರೆಲ್ಲ ವೇಷ ಹಾಕುತ್ತಾರೆ. ಶಿರಸಿಯವರಿಗೆ ಇದೇನು ಹೊಸದೇ? ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ನವಿಲುಗರಿ ಕಟ್ಟಿದ ಬೇಡರ ವೇಷ ಬೀದಿಗಿಳಿಯುತ್ತದೆ!

ಮತ್ತೆ ಸಿಹಿಗೆ ಬರೋಣ. ಹೂರಣ ತುಂಬುವುದು ಹಿಟ್ಟಿನೊಳಗೆ ತಾನೇ? ಶಿರಸಿ ಕಡೆಯ ಇನ್ನೊಂದು ಸಿಹಿ ಸುಕ್ಕಿನುಂಡೆಯದು ಉಲ್ಟಾ ಲೆಕ್ಕ. ಮೊದಲು ಹೂರಣದ ಉಂಡೆ, ಆಮೇಲೆ ಹಿಟ್ಟಿನಲ್ಲಿ ಮುಳುಗು, ಕೊನೆಗೆ ಎಣ್ಣೆಗೆ!

ಕಂಬಳ ಎಂದರೆ ಕೋಣಗಳ ಓಟವೇ ಆಗಬೇಕಿಲ್ಲ! ಗಣೇಶ ಚೌತಿ ಹತ್ತಿರ ಬಂತೆಂದರೆ ಇಲ್ಲಿ ಚಕ್ಕುಲಿ ಕಂಬಳ. ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರುತ್ತಾರೆ. ಚಕ್ಕುಲಿ ಒರಳನ್ನು ಮುಟ್ಟುವವರಿಲ್ಲ. ಗಟ್ಟಿ ಹಿಟ್ಟನ್ನು ಬೆರಳಲ್ಲೇ ಹೊಸೆದು ಸುತ್ತಿನ ಮೇಲೆ ಸುತ್ತು. ಹಿಟ್ಟಿಗೆ ಕೈ ಹಾಕಿ ಕೂತವರತ್ತ ಒಮ್ಮೆ ಕಣ್ಣು ಹಾಯಿಸಿ. ಅರೆ, ಗಂಡಸರು!