ಸೇಡಂ ಬಯಲು ಮತ್ತು ಪರಾಗದ ಸಾಕ್ಷಿ

ಚಿಂಚೋಳಿಯ ಕಾಡು ದಾಟಿ ಸೇಡಂ, ಚಿತ್ತಾಪುರದ ಕಡೆ ಬಂದರೆ ಮರಗಳು ವಿರಳವಾಗಿ ಎರೆಹೊಲ, ಹುಲ್ಲುಬಯಲುಗಳೇ ಕಾಣುತ್ತವೆ. "ಇದೆಲ್ಲ ದಟ್ಟ ಕಾಡಿತ್ತು, ಮನುಷ್ಯರು ಕಡಿದು ಬೋಳು ಮಾಡಿದರು" ಎಂದು ಬಹಳ ಜನ ನಂಬಿದ್ದಾರೆ.

ದಖ್ಖನ್ನಿನ ಮಟ್ಟಿಗೆ ಈ ನಂಬಿಕೆಯನ್ನು ಒರೆಗೆ ಹಚ್ಚಿದ್ದು ಮಹಾರಾಷ್ಟ್ರದ ಲೋಣಾರ್ ಸರೋವರದ ಹೂಳು. ಉಲ್ಕೆ ಬಡಿದು ಆದ ಆ ಕುಳಿಯಲ್ಲಿ ಸಾವಿರಾರು ವರ್ಷಗಳ ಪರಾಗ ಪದರಪದರವಾಗಿ ಕೂತಿದೆ. 2021ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಳೆದ ಸುಮಾರು 6000 ವರ್ಷಗಳಲ್ಲಿ ಮುಂಗಾರು ಕ್ಷೀಣಿಸಿದಂತೆ ಕಾಡು ಹಿಂದೆ ಸರಿದು, ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಮರವಿರುವ ಬಯಲು ಹರಡಿತು. ಇದಕ್ಕೆ ಮನುಷ್ಯನ ಕೊಡಲಿಯಾಗಲಿ ಬೆಂಕಿಯಾಗಲಿ ಮೂಲ ಕಾರಣವಲ್ಲ. ಬೇಸಾಯ ಬೇರೂರಿದ್ದೇ ಬಯಲು ಹರಡಿದ ಮೇಲೆ ಎನ್ನುತ್ತಾರೆ ಆ ಸಂಶೋಧಕರು. ಹಾಗಿರುವಾಗ ಇಂಥ ನೆಲವನ್ನು ಪಾಳುಭೂಮಿ ಎಂದು ಕರೆದು ನೀಲಗಿರಿ ನೆಡುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಉಳಿದಿರುವ ಚಿಂಚೋಳಿ ಕಾಡನ್ನು ಕಡಿಯಲು ಇದು ಪರವಾನಗಿಯೂ ಅಲ್ಲ.

"ಲೋಣಾರ್‌ವರೆಗೆ ಹೋಗುವುದೇಕೆ, ನಮ್ಮ ಶಹಾಬಾದ್ ಕಲ್ಲಿನ ಪದರದಲ್ಲೇ ಹಳೆಯ ಪರಾಗ ಸಿಗಬಹುದಲ್ಲ?" ಸಿಗದು. ವಾಡಿಯ ಸಿಮೆಂಟಿಗೂ ನಮ್ಮ ಮನೆಗಳ ನೆಲಹಾಸಿಗೂ ಒದಗುವ ಈ ಸುಣ್ಣಕಲ್ಲು, ನೆಲದ ಮೇಲೆ ಗಿಡಮರಗಳೇ ಹುಟ್ಟಿರದ ಕಾಲದ ಸಮುದ್ರದ ಕೆಸರು. ಇಂಥ ಕಲ್ಲಿನಲ್ಲಿ ಜರಿಗಿಡದಂಥ ಕಪ್ಪು ಕವಲು ಕಂಡರೆ ಅದು ಸಾಮಾನ್ಯವಾಗಿ ಮ್ಯಾಂಗನೀಸ್ ಖನಿಜ ಬಿಡಿಸಿದ ಚಿತ್ರ.

"ಹೆಚ್ಚು ಪರಾಗ ಸಿಕ್ಕ ಗಿಡವೇ ಹೆಚ್ಚು ಬೆಳೆದಿತ್ತು" ಎಂಬ ಲೆಕ್ಕವಂತೂ ತೊಗರಿಯ ನಾಡಿನಲ್ಲಿ ಪೂರಾ ತಪ್ಪುತ್ತದೆ. ತೊಗರಿ ಹೂವಿನಲ್ಲಿ ಬಹುಪಾಲು ಸ್ವಕೀಯ ಪರಾಗಸ್ಪರ್ಶ. ಉಳಿದದ್ದು ಜೇನ್ನೊಣಗಳ ಕೆಲಸ. ಅದರ ಪರಾಗ ಗಾಳಿಗೆ ಹಾರುವುದೇ ಅಪರೂಪ. ಹೋಬಳಿಗೆ ಹೋಬಳಿಯೇ ತೊಗರಿ ಬಿತ್ತಿದ್ದರೂ ಕೆರೆಯ ಹೂಳಿನಲ್ಲಿ ಗುರುತು ಉಳಿಯದೇ ಹೋದೀತು. ಜೋಳದ್ದು ಬೇರೆ ಕಥೆ. ಅದು ಹುಲ್ಲಿನ ಕುಲದ್ದು. ಸೂಕ್ಷ್ಮದರ್ಶಕದಡಿ ಅದರ ರೇಣು ದುಂಡಗೆ, ಒಂದೇ ರಂಧ್ರ, ರಂಧ್ರದ ಸುತ್ತ ಉಂಗುರ. ಕಾಡುಹುಲ್ಲಿನದೂ ಹಾಗೆಯೇ. "ಹುಲ್ಲು ಹೆಚ್ಚಿತು" ಎಂಬ ಪದರ ಹುಲ್ಲುಗಾವಲಿನದೋ ಜೋಳದ ಹೊಲದ್ದೋ ಎಂದು ತಿಳಿಯಲು ಇದ್ದಿಲಿನ ಚೂರು, ಸುಟ್ಟ ಕಾಳು, ಹೊಲದ ಕಳೆಗಳ ಪರಾಗ ಎಲ್ಲವನ್ನೂ ಜೊತೆಗಿಟ್ಟು ನೋಡಬೇಕು.

ಪರಾಗ ಎಲ್ಲಿ ಬಿದ್ದರೂ ಉಳಿಯುತ್ತದೆ ಎಂಬುದೂ ನಿಜವಲ್ಲ. ಅದರ ಹೊರಕವಚದ ಸ್ಪೋರೊಪೊಲೆನಿನ್ ಆಮ್ಲಕ್ಕೂ ಜಗ್ಗದು. ಆದರೆ ಮತ್ತೆ ಮತ್ತೆ ನೆನೆದು ಒಣಗುವ, ಗಾಳಿಯಾಡುವ, ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಹಾಳಾಗುತ್ತದೆ. ಎರೆಭೂಮಿ ಅಂಥದ್ದೇ. ಮೇಲಾಗಿ ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿಗೆ ಮೇಲ್ಮಣ್ಣು ಉದುರಿ ಹೊಸದು ಹಳೆಯದರೊಡನೆ ಕಲೆಯುತ್ತದೆ.

ಇನ್ನು ಕಾಲದ ಮಾತು. ಪರಾಗ ತಾನೇ ವಯಸ್ಸು ಹೇಳುವುದಿಲ್ಲ; ಸಾಮಾನ್ಯವಾಗಿ ರೇಡಿಯೊಕಾರ್ಬನ್ ಬೇಕು. ನಮ್ಮ ಕಾಗಿಣಾ ನದಿಯ ಕಣಿವೆಯಂಥ ಸುಣ್ಣಕಲ್ಲಿನ ಸೀಮೆಯಲ್ಲಿ ನೀರಿಗೆ ಕಲ್ಲಿನ ಹಳೆಯ ಇಂಗಾಲ ಸೇರುವುದರಿಂದ, ಆ ನೀರಲ್ಲಿ ಬೆಳೆದ ಬಸವನಹುಳುವಿನ ಚಿಪ್ಪು ನಿಜಕ್ಕಿಂತ ಎಷ್ಟೋ ಹಳೆಯದೆಂದು ತೋರಬಹುದು. ನೆಲದ ಗಿಡದ ಬೀಜ, ಇದ್ದಿಲನ್ನು ನೆಚ್ಚುವುದೇ ಕ್ಷೇಮ.

ಲೋಣಾರ್ ಕಾಗಿಣಾ ಅಲ್ಲ. ನಮ್ಮ ಸೀಮೆಯ ವಿವರ ನಮ್ಮ ಹೂಳಿನಿಂದಲೇ ಸಿಗಬೇಕು, ಅದಕ್ಕೆ ಸದಾ ನೀರಿದ್ದ, ಕೆದಕದ ಹಳೆಯ ಕೆರೆಗಳೇ ಆಸರೆ. ಹೂಳೆತ್ತುವ ಕೆಲಸ ಬೇಕು, ರೈತರಿಗೆ ಆ ಮಣ್ಣೂ ಬೇಕು. ಆದರೆ ಜೆಸಿಬಿ ಇಳಿಯುವ ಮೊದಲು ಕೆರೆಯಂಗಳದ ನಡುವೆ ಕೊಳವೆ ಇಳಿಸಿ, ಪದರ ಕೆಡದಂತೆ ಒಂದು ಮಾದರಿ ತೆಗೆದಿಡಲಿ.